ನಾವು ಆಡಿದ್ದು, ಯಂತ್ರ ಬರೆದದ್ದು

ಅಮೆರಿಕದ ಲೂಸಿಯಾನಾ ರಾಜ್ಯದ ಸುಪ್ರೀಂ ಕೋರ್ಟಿಗೆ 2017ರಲ್ಲಿ ಒಂದು ಅರ್ಜಿ ಬಂತು. ಗಂಭೀರ ಆರೋಪ ಹೊತ್ತ ಕಪ್ಪು ಯುವಕನೊಬ್ಬ ಪೊಲೀಸ್ ವಿಚಾರಣೆಯ ವೇಳೆ ಆಡಿದ ಒಂದು ವಾಕ್ಯದ ಮೇಲೆ ಆ ಅರ್ಜಿ ನಿಂತಿತ್ತು. ‘ನಾನೇ ಮಾಡಿದ್ದು ಅಂತ ನಿಮಗನ್ನಿಸಿದ್ರೆ ನಂಗೊಬ್ಬ ಲಾಯರ್ ಕೊಡಿ’ ಎಂಬುದು ಅವನ ಮಾತಿನ ಸಾರ. ಅದರ ಜೊತೆಗೆ ಅವನ ಕಡೆಯವರು ಮಾತುಮಾತಿಗೂ ಸೇರಿಸುವ ‘ಡಾಗ್’ ಎಂಬ ಪದವೂ ಇತ್ತು. ಅದಕ್ಕೆ ನಾಯಿ ಎಂಬ ಅರ್ಥವಿಲ್ಲ. ಬೆಂಗಳೂರಿನ ಹುಡುಗರು ‘ಗುರೂ’, ‘ಮಗಾ’ ಅನ್ನುವ ಹಾಗೆ. ದಾಖಲೆಯಲ್ಲಿ ಮಾತ್ರ ಅದು ನಡುವೆ ಅಲ್ಪವಿರಾಮವೂ ಇಲ್ಲದೆ ‘ಗಿವ್ ಮಿ ಎ ಲಾಯರ್ ಡಾಗ್’ ಎಂದು ಇಳಿಯಿತು. ವಕೀಲರನ್ನು ಕೇಳಿದ ಮೇಲೂ ಪ್ರಶ್ನೆ ಮುಂದುವರಿಸಿದ್ದು ತಪ್ಪು ಎಂಬ ವಾದವನ್ನು ಕೋರ್ಟ್ ಕೈಗೆತ್ತಿಕೊಳ್ಳಲಿಲ್ಲ. ನ್ಯಾಯಮೂರ್ತಿಯೊಬ್ಬರು ಪ್ರತ್ಯೇಕ ಟಿಪ್ಪಣಿ ಬರೆದು, ‘ಲಾಯರ್ ಡಾಗ್’ ಎಂಬ ಅಸ್ಪಷ್ಟ ಮಾತನ್ನು ವಕೀಲರಿಗಾಗಿ ಇಟ್ಟ ಬೇಡಿಕೆ ಎನ್ನಲಾಗದು ಎಂದರು. ‘ಅನ್ನಿಸಿದ್ರೆ’ ಎಂಬ ಷರತ್ತೂ ಲೆಕ್ಕಕ್ಕೆ ಬಂದಿತ್ತು, ನಿಜ. ಆದರೂ ‘ಲಾಯರ್ ಕೊಡ್ಸಿ ಗುರೂ’ ಎಂದವನನ್ನು ‘ಲಾಯರ್ ಗುರು ಎಂಬವರನ್ನು ಕೊಡಿಸಿ’ ಎಂದು ಕೇಳಿದವನಂತೆ ಓದಿದರೆ ಹೇಗಿರುತ್ತದೆಂದು ಊಹಿಸಿಕೊಂಡರೆ ಅಲ್ಲಿ ಏನಾಯಿತೆಂದು ತಿಳಿಯುತ್ತದೆ.

ಆ ದಾಖಲೆಯ ಕಾಲಕ್ಕೆ ಆಡಿದ್ದನ್ನು ಬರಹಕ್ಕಿಳಿಸುವ ಕೆಲಸ ಬಹುಪಾಲು ಮನುಷ್ಯರ ಕೈಯಲ್ಲಿತ್ತು. ಈಗ ಅದು ಫೋನಿಗೆ, ಮೀಟಿಂಗ್ ಆ್ಯಪ್‌ಗೆ, ಆಸ್ಪತ್ರೆಯ ಕಂಪ್ಯೂಟರಿಗೆ ಹೋಗುತ್ತಿದೆ. ಕೀಬೋರ್ಡಿನ ಮೈಕ್ ಚಿತ್ರ ಒತ್ತಿ ಮಾತಾಡಿದರೆ ಸಾಕು, ಅಕ್ಷರ ಮೂಡುತ್ತದೆ. ಹಾಗೆ ಮೂಡುವ ಬರಹ ನಾವು ಆಡಿದ ಮಾತೇ ಆಗಿರಬೇಕೆ, ಅಥವಾ ನಾವು ಆಡಬೇಕಿತ್ತು ಎಂದು ಯಂತ್ರಕ್ಕೆ ತೋರಿದ ಮಾತೆ? ಆಡುಮಾತಿನ ಇಂಗ್ಲಿಷ್‌ನಲ್ಲಿ ಈ ಪ್ರಶ್ನೆ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಯಂತ್ರ ಮೊದಲು ಕೇಳಿದ್ದನ್ನು ಕೇಳಿದ ಹಾಗೆ ಹಿಡಿದಿಟ್ಟುಕೊಳ್ಳಬೇಕು. ತಿದ್ದುವುದು ಬೇರೆಯದೇ ಕೆಲಸ; ಅದನ್ನು ಮಾತಾಡಿದವರ ಒಪ್ಪಿಗೆ ಪಡೆದು, ಅವರ ಕಣ್ಣೆದುರೇ ಮಾಡಬೇಕು. ಇಂದಿನ ಬಹುತೇಕ ತೊಂದರೆ ಹುಟ್ಟುವುದು ಎರಡನ್ನೂ ಒಟ್ಟಿಗೆ, ಯಾರಿಗೂ ಕಾಣದಂತೆ ಮಾಡುವುದರಿಂದ.

ಪದಪದಕ್ಕೂ ನಿಲ್ಲುತ್ತಿದ್ದ ಕಾಲ

ಯಂತ್ರಗಳು ಆಡುಮಾತನ್ನು ಎದುರಿಸಿದ್ದೇ ತಡವಾಗಿ. 1952ರಲ್ಲಿ ಬೆಲ್ ಲ್ಯಾಬ್ಸ್ ಕಟ್ಟಿದ ‘ಆಡ್ರಿ’ಗೆ ಗೊತ್ತಿದ್ದದ್ದು ಅಂಕಿಗಳು ಮಾತ್ರ. 1960ರ ದಶಕದ ಆರಂಭದಲ್ಲಿ ಐಬಿಎಂ ತೋರಿಸಿದ ‘ಶೂಬಾಕ್ಸ್’ 16 ಪದಗಳನ್ನು ಗುರುತಿಸುತ್ತಿತ್ತು. ಜೇಮ್ಸ್ ಮತ್ತು ಜಾನೆಟ್ ಬೇಕರ್ ದಂಪತಿ 1982ರಲ್ಲಿ ಡ್ರ್ಯಾಗನ್ ಸಿಸ್ಟಮ್ಸ್ ಆರಂಭಿಸಿದರು. ಅವರ ‘ಡ್ರ್ಯಾಗನ್ ಡಿಕ್ಟೇಟ್’ 1990ರಲ್ಲಿ 9,000 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂತು. ಅದಕ್ಕೆ ಹೇಳಿ ಬರೆಸುವವರು ಪ್ರತಿ ಪದದ ನಂತರವೂ ಒಂದು ಕ್ಷಣ ನಿಲ್ಲಬೇಕಿತ್ತು. ‘ಐ’ ಎಂದು ನಿಲ್ಲಿಸಿ, ‘ವಾಂಟ್’ ಎಂದು ನಿಲ್ಲಿಸಿ, ‘ಟು’ ಎಂದು ನಿಲ್ಲಿಸಿ ಮಾತಾಡುವವರ ಬಾಯಲ್ಲಿ ‘ವಾನ್ನಾ’ ಹುಟ್ಟುವುದೇ ಇಲ್ಲ. ಪದಗಳು ಒಂದರೊಳಗೊಂದು ಹರಿದಾಗಷ್ಟೇ ಅದು ಹುಟ್ಟುವುದು. 1997ರಲ್ಲಿ ಬಂದ ‘ನ್ಯಾಚುರಲಿ ಸ್ಪೀಕಿಂಗ್’ ನಿಲ್ಲಿಸದೆ ಮಾತಾಡಲು ಬಿಟ್ಟಿತು. ಆಗಲೂ ವಾರ್ತೆ ಓದುವವರಂತೆ ಮಾತಾಡಿ ಎಂಬ ಸಲಹೆ ಬಳಕೆದಾರರಿಗೆ ಸಿಗುತ್ತಲೇ ಇತ್ತು. ಬೆರಳು, ಮಣಿಕಟ್ಟು ನೋವಿನಿಂದ ಟೈಪ್ ಮಾಡಲಾಗದ ಎಷ್ಟೋ ಜನ ಹಾಗೆಯೇ ನಾಲಗೆ ಪಳಗಿಸಿಕೊಂಡು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮನುಷ್ಯ ಯಂತ್ರಕ್ಕೆ ಹೊಂದಿಕೊಂಡ ಕಾಲ ಅದು.

ಮನೆಮಾತಿನ ಇಂಗ್ಲಿಷ್ ಸಂಶೋಧಕರ ಮುಂದೆ ರಾಶಿಯಾಗಿ ಬಂದದ್ದು ‘ಸ್ವಿಚ್‌ಬೋರ್ಡ್’ ಎಂಬ ಸಂಗ್ರಹದಿಂದ. 1990–91ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಅಮೆರಿಕದ ಬೇರೆಬೇರೆ ಕಡೆಯ 543 ಜನರನ್ನು, ಪರಸ್ಪರ ಪರಿಚಯವಿಲ್ಲದವರನ್ನು, ಫೋನಿನಲ್ಲಿ ಮಾತಿಗೆ ಕೂರಿಸಿ ಸುಮಾರು 2,400 ಸಂಭಾಷಣೆಗಳನ್ನು ಧ್ವನಿಮುದ್ರಿಸಿತು. ಅದರಲ್ಲಿ ಅರ್ಧಕ್ಕೆ ನಿಂತ ವಾಕ್ಯ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು, ನಗು, ತಡವರಿಕೆ ಎಲ್ಲ ಇತ್ತು. ಓದಿ ಒಪ್ಪಿಸಿದ ಇಂಗ್ಲಿಷ್‌ನಲ್ಲಿ ಚೆನ್ನಾಗಿ ನಡೆಯುತ್ತಿದ್ದ ವ್ಯವಸ್ಥೆಗಳು ಇಲ್ಲಿ ಎಡವಿದವು. ಕಾಲು ಶತಮಾನದ ಬಳಿಕ, 2016ರಲ್ಲಿ, ಮೈಕ್ರೋಸಾಫ್ಟ್ ತನ್ನ ಯಂತ್ರ ಈ ಸಂಗ್ರಹದ ಪರೀಕ್ಷೆಯಲ್ಲಿ ನೂರು ಪದಗಳಿಗೆ 5.9ರಷ್ಟು ಮಾತ್ರ ತಪ್ಪು ಮಾಡಿ ವೃತ್ತಿಪರ ಮನುಷ್ಯರಿಗೆ ಸರಿಸಮನಾಯಿತೆಂದು ಘೋಷಿಸಿತು.

ಆ ಘೋಷಣೆಯ ಹಿಂದೆಯೇ ಅದೇ ಕಂಪನಿಯ ಸಂಶೋಧಕರು ಇನ್ನೊಂದು ಪ್ರಾಮಾಣಿಕ ಕೆಲಸ ಮಾಡಿದರು. ಮನುಷ್ಯರು ಎಲ್ಲಿ ತಪ್ಪುತ್ತಾರೆ, ಯಂತ್ರ ಎಲ್ಲಿ ತಪ್ಪುತ್ತದೆ ಎಂದು ಪಕ್ಕಪಕ್ಕದಲ್ಲಿಟ್ಟು ನೋಡಿದರು. ತಪ್ಪುಗಳು ಬಹುಮಟ್ಟಿಗೆ ಒಂದೇ ಬಗೆಯವು. ಎದ್ದು ಕಂಡ ವ್ಯತ್ಯಾಸವೆಂದರೆ, ‘ಅ’ ಎಂಬ ತಡವರಿಕೆಗೂ ‘ಅಹಾ’ ಎಂಬ ಹೂಂಗುಟ್ಟುವಿಕೆಗೂ ಇರುವ ಅಂತರ ಯಂತ್ರಕ್ಕೆ ಸಿಗುತ್ತಿರಲಿಲ್ಲ. ಮೊದಲನೆಯದು ‘ತಡೀರಿ, ನನ್ನ ಮಾತು ಮುಗಿದಿಲ್ಲ’ ಎನ್ನುತ್ತದೆ. ಎರಡನೆಯದು ‘ಕೇಳ್ತಾ ಇದ್ದೀನಿ, ನೀವು ಮುಂದುವರಿಸಿ’ ಎನ್ನುತ್ತದೆ. ಕಿವಿಗೆ ಹತ್ತಿರ, ಅರ್ಥದಲ್ಲಿ ಎದುರುಬದುರು. ಮನುಷ್ಯರು ಇದರಲ್ಲಿ ಎಡವುವುದು ಅಪರೂಪ. ಕನ್ನಡದಲ್ಲಿ ‘ಹೂಂ’ಗೂ ‘ಉಹೂಂ’ಗೂ ವ್ಯತ್ಯಾಸ ತಿಳಿಯದ ಮಗುವೂ ಇರಲಾರದು.

‘ಗೊನ್ನಾ’ ಸೋಮಾರಿತನವಲ್ಲ

ಆಡುಮಾತಿನ ಇಂಗ್ಲಿಷ್ ಎಂದರೆ ಹದಗೆಟ್ಟ ಇಂಗ್ಲಿಷ್ ಎಂಬ ಭಾವನೆ ನಮ್ಮ ಶಾಲೆಗಳಲ್ಲಿ ಬೇರೂರಿದೆ. ಈ ತಂತ್ರಾಂಶಗಳನ್ನು ಬರೆಯುವ ಕೆಲವರಲ್ಲೂ ಅದೇ ಭಾವನೆ ಇದ್ದಂತೆ ಕಾಣುತ್ತದೆ. ‘ಗೊನ್ನಾ’ವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ‘ಐಯಾಮ್ ಗೊನ್ನಾ ಈಟ್’ ಎನ್ನಬಹುದು. ‘ಐಯಾಮ್ ಗೊನ್ನಾ ಮೈಸೂರ್’ ಎಂದು ಇಂಗ್ಲಿಷ್ ತಾಯ್ನುಡಿಯ ಯಾರೂ ಎನ್ನುವುದಿಲ್ಲ. ಅಲ್ಲಿ ‘ಗೋಯಿಂಗ್ ಟು ಮೈಸೂರ್’ ಎಂದೇ ಆಗಬೇಕು. ಮುಂದೆ ಕ್ರಿಯಾಪದ ಬಂದು, ಭವಿಷ್ಯದ ಅರ್ಥವಿದ್ದಾಗ ಮಾತ್ರ ‘ಗೊನ್ನಾ’. ಊರಿಗೆ ಹೊರಟಾಗ ಅಲ್ಲ. ‘ವಾನ್ನಾ’ಕ್ಕೆ ಇದಕ್ಕಿಂತ ಸೂಕ್ಷ್ಮವಾದ ಕಟ್ಟಳೆಯಿದೆ. ‘ಯಾರನ್ನು ಭೇಟಿಯಾಗಲು ಬಯಸುತ್ತೀ’ ಎಂದು ಕೇಳುವಾಗ ‘ಹೂ ಡು ಯು ವಾನ್ನಾ ಮೀಟ್’ ಸರಿ. ‘ಯಾರು ಗೆಲ್ಲಲಿ ಎಂದು ಬಯಸುತ್ತೀ’ ಎಂದು ಕೇಳುವಾಗ ಹೆಚ್ಚಿನವರ ಬಾಯಲ್ಲಿ ‘ವಾಂಟ್ ಟು’ ಬಿಡಿಯಾಗಿಯೇ ಉಳಿಯುತ್ತದೆ. ಯಾವ ವ್ಯಾಕರಣ ಪುಸ್ತಕವನ್ನೂ ತೆರೆಯದವರು ಈ ನಿಯಮ ಮೀರದೆ ಮಾತಾಡುತ್ತಾರೆ.

ಹಾಗಾದರೆ ಹೇಳಿ ಬರೆಸುವಾಗ ‘ಗೊನ್ನಾ’ ಅಂದರೆ ಪರದೆಯ ಮೇಲೆ ಏನು ಮೂಡಬೇಕು? ಗೆಳೆಯನಿಗೆ ಕಳಿಸುವ ಸಂದೇಶದಲ್ಲಿ ಅದು ಹಾಗೆಯೇ ಇರಬೇಕು. ಬ್ಯಾಂಕ್ ಮ್ಯಾನೇಜರ್‌ಗೆ ಬರೆವ ಪತ್ರದಲ್ಲಿ ‘ಗೋಯಿಂಗ್ ಟು’ ಆಗಬೇಕು. ಕನ್ನಡದವರಿಗೆ ಇದು ಹೊಸತಲ್ಲ. ‘ಬರ್ತೀನಿ’ ಎಂದು ಆಡುತ್ತೇವೆ, ‘ಬರುತ್ತೇನೆ’ ಎಂದು ಬರೆಯುತ್ತೇವೆ, ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ‘ಬರ್ತೀನಿ’ಗೇ ಮರಳುತ್ತೇವೆ, ಧಾರವಾಡದವರು ‘ಬರ್ತೇನ್ರಿ’ ಎಂದೇ ಬರೆದರೂ ತಪ್ಪೇನಿಲ್ಲ. ಯಾವುದು ಎಲ್ಲಿಗೆ ಎಂಬ ತೀರ್ಮಾನ ಬರೆಯುವವರದು. ಯಂತ್ರ ಅದನ್ನು ಊಹಿಸಲು ಹೊರಟಾಗ ಅರ್ಧ ಸಲ ಸರಿಹೋಗಬಹುದು, ಉಳಿದರ್ಧ ಸಲ ನಮ್ಮ ಬಾಯಲ್ಲಿ ಬೇರೆ ಯಾರನ್ನೋ ಕೂರಿಸುತ್ತದೆ. ಒಮ್ಮೆ ಕೇಳಿ, ಹೇಳಿದ್ದನ್ನು ನೆನಪಿಟ್ಟುಕೊಂಡರೆ ಸಾಕು.

ಬೈಗುಳದ ವಿಷಯದಲ್ಲೂ ಹೀಗೆಯೇ. ಆ್ಯಂಡ್ರಾಯ್ಡ್ ಫೋನುಗಳಲ್ಲಿ ಒರಟು ಪದ ಹೇಳಿದರೆ ಮೊದಲಕ್ಷರ ಉಳಿಸಿ ಮಿಕ್ಕಿದ್ದಕ್ಕೆ ನಕ್ಷತ್ರ ಹಾಕುವ ಏರ್ಪಾಟು ಮೊದಲಿನಿಂದ ಇದೆ; ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಅದನ್ನು ತೆಗೆಯಬೇಕು. ಮಕ್ಕಳ ಫೋನಿಗೆ ಇದು ಒಳ್ಳೆಯದೇ. ತನಗೆ ಬಂದ ಬೆದರಿಕೆ ಮಾತನ್ನು ದೂರಿನಲ್ಲಿ ಇದ್ದಂತೆ ದಾಖಲಿಸಲು ಹೊರಟ ಹೆಣ್ಣುಮಗಳಿಗೆ ಅದೇ ನಕ್ಷತ್ರ ಸಾಕ್ಷ್ಯವನ್ನು ಮರೆಮಾಡುತ್ತದೆ.

ತಡವರಿಕೆಗೂ ಅರ್ಥವಿದೆ

ಎಲ್ಲ ತಂತ್ರಾಂಶಗಳೂ ಮೊದಲು ಕೈಹಾಕುವುದು ‘ಅ’, ‘ಅಮ್’ಗಳಿಗೆ. ಪತ್ರದಲ್ಲಿ ಅವು ಬೇಡ, ತೆಗೆದರೆ ಯಾರಿಗೂ ನಷ್ಟವಿಲ್ಲ. ಆದರೆ ಅವು ಬರೀ ಕಸವಲ್ಲ ಎಂದು ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ 2002ರಲ್ಲೇ ವಾದಿಸಿದ್ದರು. ಇಂಗ್ಲಿಷ್ ಮಾತುಗಾರರು ಸಣ್ಣ ತಡೆ ಬಂದಾಗ ‘ಅ’ ಎನ್ನುತ್ತಾರೆ, ಮುಂದೆ ದೊಡ್ಡ ತಡೆಯಿದೆ ಎನಿಸಿದಾಗ ‘ಅಮ್’ ಎನ್ನುತ್ತಾರೆ ಎಂಬುದು ಅವರು ಕಂಡುಕೊಂಡದ್ದು. ಕೇಳುವವರಿಗೆ ಅದೊಂದು ಸೂಚನೆ. ಸಾಕ್ಷಿ ಹೇಳುವವರು, ಕೆಲಸದ ಸಂದರ್ಶನ ಕೊಡುವವರು, ಮನೋವೈದ್ಯರ ಮುಂದೆ ಕುಳಿತವರು ಎಲ್ಲಿ ತಡೆದರು ಎಂಬುದು ಏನು ಹೇಳಿದರು ಎಂಬಷ್ಟೇ ಮುಖ್ಯವಾಗಬಹುದು.

‘ಲೈಕ್’ ಎಂಬ ಪದ ಇನ್ನೂ ಕಷ್ಟದ್ದು. ಅಮೆರಿಕದ ಹುಡುಗರು ವಾಕ್ಯಕ್ಕೆ ನಾಲ್ಕು ಸಲ ಅದನ್ನು ಬಳಸುತ್ತಾರೆ, ಹಿರಿಯರು ಸಿಡುಕುತ್ತಾರೆ. ‘ಇಟ್ ಟುಕ್ ಲೈಕ್ ಟೆನ್ ಮಿನಿಟ್ಸ್’ ಎಂಬಲ್ಲಿ ‘ಲೈಕ್’ ತೆಗೆದರೆ ಅಂದಾಜಾಗಿದ್ದದ್ದು ಖಚಿತವಾಗಿಬಿಡುತ್ತದೆ. ನಾವು ‘ಒಂದ್ ಹತ್ ನಿಮಿಷ’ ಎನ್ನುವಾಗ ಆ ‘ಒಂದ್’ ಮಾಡುವ ಕೆಲಸವನ್ನೇ ಇಲ್ಲಿ ‘ಲೈಕ್’ ಮಾಡುತ್ತಿದೆ. ‘ಶಿ ವಾಸ್ ಲೈಕ್, ನೋ ವೇ’ ಎಂಬಲ್ಲಿ ಅದು ‘ಅವಳು ಹಿಂಗಂದ್ಲು’ ಎಂಬುದಕ್ಕೆ ಸಮ. ತೆಗೆದರೆ ವಾಕ್ಯವೇ ಮುರಿಯುತ್ತದೆ. ನಿಜವಾಗಿಯೂ ತೆಗೆಯಬಹುದಾದ ‘ಲೈಕ್’ಗಳೂ ಇವೆ. ಯಾವುದು ಯಾವುದೆಂದು ಅರ್ಥ ನೋಡಿ ಬಿಡಿಸಬೇಕೇ ಹೊರತು, ಒಂದು ಪಟ್ಟಿ ಇಟ್ಟುಕೊಂಡು ಕಂಡಕಂಡಲ್ಲಿ ಅಳಿಸಿದರೆ ಆಗದು.

ಮಾತಾಡುತ್ತಲೇ ತನ್ನನ್ನು ತಾನು ತಿದ್ದಿಕೊಳ್ಳುವುದು ಆಡುಮಾತಿನ ಇನ್ನೊಂದು ಗುಣ. ಎಲಿಜಬೆತ್ ಶ್ರೈಬರ್ಗ್ 1994ರ ತಮ್ಮ ಸಂಶೋಧನಾ ಪ್ರಬಂಧದಲ್ಲಿ ಇದರ ರಚನೆಯನ್ನು ಬಿಡಿಸಿಟ್ಟರು. ಮೊದಲು ತಪ್ಪಿದ ತುಂಡು, ನಡುವೆ ‘ಐ ಮೀನ್’ನಂಥ ತಡೆ, ಆಮೇಲೆ ತಿದ್ದುಪಡಿ. ‘ಸೋಮವಾರ, ಅಲ್ಲಲ್ಲ, ಮಂಗಳವಾರ ಬನ್ನಿ’ ಎಂದರೆ ಪತ್ರದಲ್ಲಿ ಮಂಗಳವಾರ ಒಂದೇ ಇರಬೇಕು. ಇದನ್ನು ಯಂತ್ರ ಮಾಡಿಕೊಡುವುದು ದೊಡ್ಡ ಉಪಕಾರ. ಆದರೆ ‘ಆ ಮಾವಿನಕಾಯಿ ಬುಟ್ಟೀನ ಮಂಡ್ಯಕ್ಕೆ ಕಳ್ಸು, ಅಲ್ಲ, ಅದನ್ನ ಮದ್ದೂರಿಗೆ ಕಳ್ಸು’ ಎಂಬ ಮಾತಿನಲ್ಲಿ ಮೊದಲ ತುಂಡನ್ನು ಪೂರ್ತಿ ಅಳಿಸಿದರೆ ಬುಟ್ಟಿಯೂ ಹೋಗುತ್ತದೆ, ಮಾವಿನಕಾಯಿಯೂ ಹೋಗುತ್ತದೆ, ‘ಅದನ್ನ’ ಎಂಬುದೊಂದೇ ಉಳಿಯುತ್ತದೆ. ತಿದ್ದಲು ಅರ್ಥವಾಗಿರಬೇಕು.

ಹೆಡ್‌ಫೋನ್ ಮತ್ತು ಪೆಡಲ್

ಅರ್ಥ ಮಾಡಿಕೊಂಡು ಬರೆಯುವ ಈ ವಿದ್ಯೆ ಒಂದು ಕಾಲಕ್ಕೆ ಬೆಂಗಳೂರಿನ ನೂರಾರು ಯುವಕ ಯುವತಿಯರ ಹೊಟ್ಟೆಪಾಡಾಗಿತ್ತು. 1990ರ ದಶಕದ ಕೊನೆಯಲ್ಲಿ ‘ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್’ ತರಬೇತಿಯ ಜಾಹೀರಾತು ಪತ್ರಿಕೆಗಳಲ್ಲಿ ಧಾರಾಳವಾಗಿ ಕಾಣುತ್ತಿತ್ತು. ಅಮೆರಿಕದ ವೈದ್ಯರು ದಿನದ ಕೊನೆಗೆ ಹೇಳಿ ಧ್ವನಿಮುದ್ರಿಸಿದ ರೋಗಿಗಳ ವಿವರ ಇಲ್ಲಿಗೆ ಬರುತ್ತಿತ್ತು. ಅಲ್ಲಿ ರಾತ್ರಿಯಾದಾಗ ಇಲ್ಲಿ ಹಗಲು, ಅವರು ಮರುದಿನ ಎದ್ದು ಬರುವ ಹೊತ್ತಿಗೆ ಟೈಪಾದ ವರದಿ ಸಿದ್ಧ. ಕಿವಿಗೆ ಹೆಡ್‌ಫೋನ್, ಕಾಲ ಕೆಳಗೆ ಪೆಡಲ್. ಪೆಡಲ್ ಒತ್ತಿದರೆ ಧ್ವನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಇನ್ನೊಂದು ಬದಿಗೆ ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ವೈದ್ಯರು ಕಾರು ಓಡಿಸುತ್ತ, ಏನನ್ನೋ ಅಗಿಯುತ್ತ, ನಿದ್ದೆಗಣ್ಣಲ್ಲಿ ಮಾತಾಡಿದ್ದನ್ನೆಲ್ಲ ಕೇಳಿ ಬರೆಯಬೇಕಿತ್ತು.

ಆ ಕೆಲಸಕ್ಕೆ ನಿಯಮಗಳಿದ್ದವು. ವೈದ್ಯರು ‘ಲೈಟ್ಸ್’ ಎಂದರೆ ದೀಪವಲ್ಲ, ಎಲೆಕ್ಟ್ರೋಲೈಟ್ಸ್. ‘ಲ್ಯಾಪ್ ಆ್ಯಪಿ’ ಎಂದರೆ ರಂಧ್ರದ ಮೂಲಕ ಅಪೆಂಡಿಕ್ಸ್ ತೆಗೆದ ಶಸ್ತ್ರಚಿಕಿತ್ಸೆ. ಇಂಥ ಆಸ್ಪತ್ರೆಯ ಆಡುನುಡಿಯನ್ನು ವರದಿಯಲ್ಲಿ ಪೂರ್ಣರೂಪಕ್ಕೆ ಬಿಡಿಸಿ ಬರೆಯುವುದು ಪದ್ಧತಿ. ‘ಡೋಂಟ್’, ‘ಕಾಂಟ್’ಗಳನ್ನೂ ಬಿಡಿಸುತ್ತಿದ್ದರು. ಆದರೆ ವೈದ್ಯರು ರೋಗಿಯ ಮಾತನ್ನೇ ಉದ್ಧರಿಸಿದಾಗ ಅದನ್ನು ಉದ್ಧರಣ ಚಿಹ್ನೆಯೊಳಗೆ ಇದ್ದ ಹಾಗೇ ಇಡಬೇಕು. ಅದು ರೋಗಿಯದು, ಅದಕ್ಕೆ ಕೈ ಹಚ್ಚುವಂತಿಲ್ಲ. ‘ಎಡ ಮೊಣಕಾಲು, ಸಾರಿ, ಬಲ ಮೊಣಕಾಲು’ ಎಂದಲ್ಲಿ ಬಲ ಎಂದಷ್ಟೇ ಬರೆಯಬೇಕು. ಮೊದಲ ಪುಟದಲ್ಲಿ ಬಲ ಎಂದು ಮೂರನೇ ಪುಟದಲ್ಲಿ ಎಡ ಎಂದರೆ ತಾನಾಗಿ ತಿದ್ದದೆ, ಗುರುತು ಹಾಕಿ ವೈದ್ಯರಿಗೇ ವಾಪಸು ಕಳಿಸಬೇಕು. ಹತ್ತು ಸಲ ಕೇಳಿದರೂ ಒಂದು ಪದ ತಿಳಿಯದಿದ್ದರೆ ಅಲ್ಲಿ ಬ್ಲ್ಯಾಂಕ್ ಬಿಡಬೇಕು. ಊಹಿಸಿ ತುಂಬುವುದು ಆ ವೃತ್ತಿಯಲ್ಲಿ ಮಹಾಪರಾಧ. ರಕ್ತದೊತ್ತಡ ಹೆಚ್ಚು ಎಂಬುದಕ್ಕೂ ಕಡಿಮೆ ಎಂಬುದಕ್ಕೂ ಇಂಗ್ಲಿಷ್‌ನಲ್ಲಿ ಒಂದೇ ಒಂದು ಉಚ್ಚಾರಾಂಶದ ವ್ಯತ್ಯಾಸ. ತಪ್ಪಾಗಿ ಊಹಿಸಿದರೆ ರೋಗಿಯ ಜೀವದ ಪ್ರಶ್ನೆ.

ಇಂದು ಆ ಕೆಲಸದ ಬಹುಭಾಗವನ್ನು ತಂತ್ರಾಂಶ ನುಂಗಿದೆ. ಮೊದಲು ಟೈಪ್ ಮಾಡುತ್ತಿದ್ದವರು ಯಂತ್ರದ ಕರಡನ್ನು ತಿದ್ದುವವರಾದರು, ಆಮೇಲೆ ಹಲವರು ಬೇರೆ ಕೆಲಸ ಹುಡುಕಿಕೊಂಡರು. ಅವರ ಜೊತೆಗೆ ಆ ಶಿಸ್ತೂ ಕೈತಪ್ಪಿತಲ್ಲ ಎಂಬುದು ನನ್ನ ಸಂಕಟ. ವ್ಯಾಸರು ಭಾರತ ಹೇಳುವಾಗ ಗಣಪತಿಗೆ ಹಾಕಿದ ಷರತ್ತು ನಮ್ಮಲ್ಲಿ ಎಲ್ಲರಿಗೂ ಗೊತ್ತು: ಅರ್ಥ ಮಾಡಿಕೊಳ್ಳದೆ ಒಂದಕ್ಷರವನ್ನೂ ಬರೆಯಬಾರದು. ಪೆಡಲ್ ಒತ್ತುತ್ತಿದ್ದ ಆ ಹುಡುಗ ಹುಡುಗಿಯರು ಈ ಷರತ್ತನ್ನು ದಿನವೂ ಪಾಲಿಸುತ್ತಿದ್ದರು.

ಬ್ರಿಟಿಷ್ ಸಂಸತ್ತಿನ ವರದಿಗಾರರದೂ ಇಂಥದೇ ಪದ್ಧತಿ. ಹ್ಯಾನ್ಸಾರ್ಡ್ ಎಂದು ಕರೆಸಿಕೊಳ್ಳುವ ಆ ನಡಾವಳಿ ಅಕ್ಷರಶಃ ವರದಿಯಲ್ಲ. ಸದಸ್ಯರು ಹೇಳಿದ್ದನ್ನೇ ಮತ್ತೆ ಹೇಳಿದರೆ ಬಿಡಬಹುದು, ಎದ್ದು ಕಾಣುವ ತಪ್ಪನ್ನು ಸರಿಪಡಿಸಬಹುದು. ಮಾತಿನ ಅರ್ಥಕ್ಕೆ ಏನನ್ನಾದರೂ ಸೇರಿಸುವ ಯಾವುದನ್ನೂ ಬಿಡುವಂತಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಈ ಅಳತೆಗೋಲು ಕೆಲಸ ಮಾಡಿದೆ.

ಯಾರ ಇಂಗ್ಲಿಷ್ ಆಡುಮಾತು?

ಆಡುಮಾತು ಎಂದರೆ ಯಾರ ಆಡುಮಾತು ಎಂಬ ಪ್ರಶ್ನೆಯೂ ಇದೆ. 2020ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅಮೆಜಾನ್, ಆ್ಯಪಲ್, ಗೂಗಲ್, ಐಬಿಎಂ, ಮೈಕ್ರೋಸಾಫ್ಟ್ ಈ ಐದೂ ಕಂಪನಿಗಳ ವ್ಯವಸ್ಥೆಗಳನ್ನು ಪರೀಕ್ಷಿಸಿದರು. ಬಿಳಿಯ ಅಮೆರಿಕನ್ನರ ಮಾತಿನಲ್ಲಿ ನೂರಕ್ಕೆ ಸರಾಸರಿ 19 ಪದ ತಪ್ಪಿದರೆ, ಕಪ್ಪು ಅಮೆರಿಕನ್ನರ ಮಾತಿನಲ್ಲಿ 35 ಪದ ತಪ್ಪಿದವು. ಯಂತ್ರ ತಾನು ಯಾರ ಮಾತನ್ನು ಹೆಚ್ಚು ಕೇಳಿ ಕಲಿತಿದೆಯೋ ಅವರ ಮಾತು ಅದಕ್ಕೆ ಸಲೀಸು.

ಇದನ್ನು ಯಂತ್ರದ ದೋಷವೆಂದಷ್ಟೇ ತಳ್ಳಿಹಾಕುವಂತಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 2019ರಲ್ಲಿ, ಫಿಲಡೆಲ್ಫಿಯಾದ 27 ಮಂದಿ ಕೋರ್ಟ್ ವರದಿಗಾರರಿಗೆ ಕಪ್ಪು ಸಮುದಾಯದ ಇಂಗ್ಲಿಷ್ ಕೇಳಿಸಿ ಬರೆಸಿದ ಅಧ್ಯಯನ ಪ್ರಕಟವಾಯಿತು. ಶೇ 95ರಷ್ಟು ನಿಖರತೆಯ ಪ್ರಮಾಣಪತ್ರವಿದ್ದವರೇ ಅವರೆಲ್ಲ. ಆದರೂ ಶೇ 40ರಷ್ಟು ವಾಕ್ಯಗಳಲ್ಲಿ ಏನಾದರೊಂದು ತಪ್ಪಿತ್ತು. ಶೇ 31ರಷ್ಟರಲ್ಲಿ ಯಾರು, ಏನು, ಎಲ್ಲಿ, ಯಾವಾಗ ಎಂಬ ಸಂಗತಿಯೇ ಬದಲಾಗಿತ್ತು. ಆ ಇಂಗ್ಲಿಷ್‌ನಲ್ಲಿ ‘ಹಿ ಬಿ ವರ್ಕಿಂಗ್’ ಎಂದರೆ ಅವನು ವಾಡಿಕೆಯಾಗಿ ಕೆಲಸಕ್ಕೆ ಹೋಗುವವನು. ‘ಹಿ ವರ್ಕಿಂಗ್’ ಎಂದರೆ ಈಗ ಕೆಲಸದಲ್ಲಿದ್ದಾನೆ. ಎರಡನ್ನೂ ‘ಹಿ ಈಸ್ ವರ್ಕಿಂಗ್’ ಎಂದು ‘ಸರಿಪಡಿಸುವ’ ಯಂತ್ರ ಒಂದು ವ್ಯಾಕರಣವನ್ನೇ ಅಳಿಸುತ್ತದೆ. ಆ ರಾತ್ರಿ ಅವನು ಎಲ್ಲಿದ್ದ ಎಂಬ ಪ್ರಶ್ನೆ ಕೋರ್ಟಿನಲ್ಲಿದ್ದರೆ ಒಬ್ಬ ಮನುಷ್ಯನ ಸ್ವಾತಂತ್ರ್ಯವೂ ಅದರ ಜೊತೆಗೆ ಹೋಗಬಹುದು.

ನಮ್ಮ ಇಂಗ್ಲಿಷ್‌ಗೂ ಇದೇ ಪಾಡು. ‘ಅಲ್ವಾ’ ಎಂಬ ನಮ್ಮ ಅಭ್ಯಾಸ ಇಂಗ್ಲಿಷ್‌ಗೆ ಹೋದಾಗ ವಾಕ್ಯದ ಕೊನೆಗೊಂದು ‘ನೋ’ ಆಗಿ ಕೂರುತ್ತದೆ. ‘ಹಿ ಪೇಡ್ ದ ಮನಿ, ನೋ?’ ಎಂದರೆ ‘ದುಡ್ಡು ಕೊಟ್ಟ ಅಲ್ವಾ?’ ಎಂದು. ಪ್ರಶ್ನಾರ್ಥಕ ಚಿಹ್ನೆ ಬಿಟ್ಟುಹೋಗಿ ‘ಹಿ ಪೇಡ್ ದ ಮನಿ. ನೋ.’ ಎಂದು ಮೂಡಿದರೆ ಕೊಟ್ಟಿದ್ದು ಹೌದೋ ಅಲ್ಲವೋ ಎಂದು ಓದುವವರು ತಲೆ ಕೆರೆದುಕೊಳ್ಳಬೇಕು. ‘ಹಿಯರ್ ಓನ್ಲಿ’ ಎಂಬಲ್ಲಿ ‘ಓನ್ಲಿ’ ನಮ್ಮ ‘ಇಲ್ಲೇ’ಯ ‘ಏ’. ‘ಡಬಲ್ ತ್ರೀ, ಟ್ರಿಪಲ್ ಫೈವ್’ ಎಂದು ಫೋನ್ ನಂಬರ್ ಹೇಳುವುದು, ‘ಲ್ಯಾಖ್’ ಎಂದು ಹಣ ಎಣಿಸುವುದು, ‘ಗೋ ಆ್ಯಂಡ್ ಕಮ್’ ಎಂದು ಬೀಳ್ಕೊಡುವುದು ಇವೆಲ್ಲ ಕೋಟ್ಯಂತರ ಜನರ ದಿನನಿತ್ಯದ ಇಂಗ್ಲಿಷ್. ಇವನ್ನು ತಪ್ಪೆಂದು ತಿದ್ದುವ ಅಧಿಕಾರ ಕ್ಯಾಲಿಫೋರ್ನಿಯಾದಲ್ಲಿ ತಯಾರಾದ ತಂತ್ರಾಂಶಕ್ಕಿಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಅಜ್ಜಿ ಮಾತಾಡಿದರೆ ಓಗೊಡದ ಯಂತ್ರ ಮೊಮ್ಮಗಳು ಅದನ್ನೇ ಹೇಳಿದರೆ ಓಗೊಡುತ್ತದೆ. ತೊದಲುವವರ ಕಷ್ಟ ಇದಕ್ಕಿಂತ ದೊಡ್ಡದು: ಪದ ಹೊರಬರುವ ಮೊದಲೇ, ಮಾತು ಮುಗಿಯಿತೆಂದು ಯಂತ್ರ ಕಿವಿ ಮುಚ್ಚಿಕೊಳ್ಳುತ್ತದೆ.

ಮೌನಕ್ಕೆ ಮಾತು ತುಂಬುವ ಯಂತ್ರ

ಹಳೆಯ ತಂತ್ರಾಂಶ ತಪ್ಪಿದರೆ ತಪ್ಪು ಕಣ್ಣಿಗೆ ಹೊಡೆಯುತ್ತಿತ್ತು, ವಾಕ್ಯ ಅಸಂಬದ್ಧವಾಗಿರುತ್ತಿತ್ತು. ಹೊಸ ಪೀಳಿಗೆಯದು ಹಾಗಲ್ಲ. ಓಪನ್‌ಎಐ 2022ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿದ ‘ವಿಸ್ಪರ್’ ಅನ್ನು ಇಂಟರ್‌ನೆಟ್‌ನಿಂದ ಒಟ್ಟುಗೂಡಿಸಿದ 6,80,000 ಗಂಟೆಗಳ ಧ್ವನಿ ಮತ್ತು ಅದರ ಜೊತೆಗಿದ್ದ ಬರಹದ ಮೇಲೆ ತಯಾರು ಮಾಡಲಾಗಿದೆ. ಆ ಬರಹಗಳಲ್ಲಿ ತಡವರಿಕೆಯನ್ನು ಯಾರೋ ಆಗಲೇ ತೆಗೆದಿರುತ್ತಾರೆ. ಹಾಗಾಗಿ ಯಂತ್ರವೂ ಅದನ್ನು ಬಿಡುವುದನ್ನೇ ಕಲಿಯಿತು. ಅದರ ತಪ್ಪೆಣಿಸುವ ಕ್ರಮದಲ್ಲೂ ಒಂದು ಹೆಜ್ಜೆಯಿದೆ: ಹೋಲಿಸುವ ಮುನ್ನ ‘ಅ’, ‘ಅಮ್’, ‘ಹ್ಮ್’ಗಳನ್ನೂ, ಹೌದು ಎಂಬರ್ಥದ ‘ಮ್‌ಹ್ಮ್’ ಅನ್ನೂ ಅಳಿಸುತ್ತಾರೆ, ‘ಗೊನ್ನಾ’ವನ್ನು ‘ಗೋಯಿಂಗ್ ಟು’ ಮಾಡುತ್ತಾರೆ. ಬೇರೆಬೇರೆ ವ್ಯವಸ್ಥೆಗಳನ್ನು ಒಂದೇ ನೆಲೆಯಲ್ಲಿ ಹೋಲಿಸಲು ಅದು ಅನುಕೂಲ. ಆದರೆ ಲೆಕ್ಕಕ್ಕೇ ಬಾರದ ತಪ್ಪನ್ನು ತಿದ್ದಲು ಯಾವ ಎಂಜಿನಿಯರ್‌ಗೆ ತಾನೇ ಕಾರಣ ಸಿಗುತ್ತದೆ?

ಪರಿಣಾಮ ಏನೆಂದು 2023ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಅಧ್ಯಯನ ತೋರಿಸಿತು. ವೈದ್ಯ–ರೋಗಿ ಸಂಭಾಷಣೆಯನ್ನು ಗೂಗಲ್ ಮತ್ತು ಅಮೆಜಾನ್‌ನ ವೈದ್ಯಕೀಯ ಬರಹ ಯಂತ್ರಗಳಿಗೆ ಕೇಳಿಸಿದಾಗ ಒಟ್ಟು ಪದಗಳಲ್ಲಿ ತಪ್ಪು ಶೇ 12ರ ಆಸುಪಾಸು ಇತ್ತು. ಹೌದು, ಇಲ್ಲ ಎಂಬ ವೈದ್ಯಕೀಯ ಮಾಹಿತಿ ಹೊತ್ತ ಹೂಂಕಾರಗಳಲ್ಲಿ ಮಾತ್ರ ಶೇ 90ಕ್ಕೂ ಮೀರಿ ತಪ್ಪಿತ್ತು. ‘ಪೆನಿಸಿಲಿನ್ ಒಗ್ಗುವುದಿಲ್ಲವೇ?’ ಎಂಬ ಪ್ರಶ್ನೆಗೆ ರೋಗಿ ಕೊಟ್ಟ ‘ಹೂಂ’ ವರದಿಗೆ ಬಾರದೇ ಹೋದರೆ ಉಳಿದ ಪದಗಳೆಲ್ಲ ಸರಿಯಾಗಿದ್ದು ಏನು ಪ್ರಯೋಜನ?

ಇನ್ನೂ ದಿಗಿಲಿನ ಸಂಗತಿಯೆಂದರೆ ಇಲ್ಲದ್ದನ್ನು ಸೇರಿಸುವುದು. 2024ರ ಅಧ್ಯಯನವೊಂದು ವಿಸ್ಪರ್ ಬರೆದ ತುಣುಕುಗಳಲ್ಲಿ ನೂರಕ್ಕೆ ಸುಮಾರು ಒಂದರಲ್ಲಿ ಯಾರೂ ಆಡದ ಮಾತುಗಳನ್ನು ಕಂಡುಹಿಡಿಯಿತು. ಅಂಥ ಕಲ್ಪಿತ ಮಾತುಗಳಲ್ಲಿ ಶೇ 38ರಷ್ಟು ಹಿಂಸೆ, ಇಲ್ಲದ ಸಂಬಂಧ, ಸುಳ್ಳು ಅಧಿಕಾರ ಇಂಥ ಹಾನಿಕರ ಸಂಗತಿಗಳನ್ನು ಹೊತ್ತಿದ್ದವು. ಪಾರ್ಶ್ವವಾಯುವಿನಂಥ ಕಾರಣಗಳಿಂದ ಮಾತು ಕುಂದಿದವರ ಧ್ವನಿಯಲ್ಲಿ, ಅಂದರೆ ನಡುವೆ ದೀರ್ಘ ಮೌನವಿದ್ದಲ್ಲಿ, ಇದು ಹೆಚ್ಚು. ಬೆಂಗಳೂರಿನ ಟೈಪಿಸ್ಟ್ ಬ್ಲ್ಯಾಂಕ್ ಬಿಡುತ್ತಿದ್ದ ಜಾಗದಲ್ಲಿ ಯಂತ್ರ ನಯವಾದ ವಾಕ್ಯವೊಂದನ್ನು ಹೊಸೆಯುತ್ತದೆ. ಓದುವವರಿಗೆ ಅನುಮಾನವೇ ಬಾರದಷ್ಟು ಶುದ್ಧವಾದ ಇಂಗ್ಲಿಷ್‌ನಲ್ಲಿ.

ಆದ್ದರಿಂದ ತಯಾರಕರಿಂದ ನಾವು ಕೇಳಬೇಕಾದದ್ದು ಸ್ಪಷ್ಟವಿದೆ. ನನ್ನದೇ ಪತ್ರ ನಾನು ಹೇಳಿ ಬರೆಸುತ್ತಿದ್ದರೆ ತಡವರಿಕೆ ತೆಗೆಯಲಿ, ನಾನು ತಿದ್ದಿಕೊಂಡದ್ದನ್ನು ತಿದ್ದಲಿ, ‘ಗೊನ್ನಾ’ವನ್ನು ನನ್ನ ಇಷ್ಟದಂತೆ ಇಡಲಿ, ಬದಲಿಸಿದ ಪದದ ಅಡಿಗೆ ಗೆರೆ ಎಳೆದು, ಬೆರಳಿಟ್ಟರೆ ಮೂಲ ಮಾತು ಕಾಣುವಂತೆ ಮಾಡಲಿ. ಅನುಮಾನವಿದ್ದಲ್ಲಿ ಖಾಲಿ ಬಿಡಲಿ. ಬೇರೊಬ್ಬರ ಮಾತು, ಸಾಕ್ಷಿ, ರೋಗಿಯ ಹೇಳಿಕೆ, ಸಭೆಯ ವಾಗ್ವಾದ ಇವುಗಳಲ್ಲಿ ಮಾತ್ರ ‘ಹೂಂ’ ಎಂಬುದನ್ನೂ ಮುಟ್ಟದೆ ಇದ್ದದ್ದನ್ನು ಇದ್ದಂತೆ ಬರೆಯಲಿ. ತಾಂತ್ರಿಕವಾಗಿ ಇದಾವುದೂ ಅಸಾಧ್ಯವಲ್ಲ. ಧ್ವನಿಯ ಯಾವ ಕ್ಷಣಕ್ಕೆ ಯಾವ ಪದ, ಆ ಪದದ ಬಗ್ಗೆ ಯಂತ್ರಕ್ಕೆ ಎಷ್ಟು ಭರವಸೆ ಎಂಬ ಲೆಕ್ಕ ಇಂಥ ಅನೇಕ ವ್ಯವಸ್ಥೆಗಳಿಗೆ ಸಿಗುತ್ತದೆ. ಬಳಕೆದಾರರಿಗೆ ಅದನ್ನು ತೋರಿಸುವುದಿಲ್ಲ, ಅಷ್ಟೇ.

ಓದುಗರು ಇವತ್ತೇ ಮಾಡಬಹುದಾದ ಕೆಲಸಗಳೂ ಇವೆ. ಫೋನಿನ ಧ್ವನಿ ಬರಹ ಅಮೆರಿಕದ ಇಂಗ್ಲಿಷ್‌ಗೆ ಹೊಂದಿಸಿದ್ದರೆ ಭಾರತದ ಇಂಗ್ಲಿಷ್‌ಗೆ ಬದಲಿಸಿ. ಸಂದೇಶ ಕಳಿಸುವ ಮೊದಲು ಹೆಸರು, ಅಂಕಿ, ‘ನೋ’, ‘ನಾಟ್’ ಇವಿಷ್ಟನ್ನಾದರೂ ಕಣ್ಣಿಟ್ಟು ಓದಿ. ಕಚೇರಿಯಲ್ಲೋ ಆಸ್ಪತ್ರೆಯಲ್ಲೋ ಯಂತ್ರ ಬರೆದ ಹೇಳಿಕೆ ಮುಂದಿಟ್ಟು ಸಹಿ ಕೇಳಿದರೆ, ಮೂಲ ಧ್ವನಿಯನ್ನು ಉಳಿಸಿಟ್ಟಿದ್ದೀರಾ ಎಂದು ಮೊದಲು ವಿಚಾರಿಸಿ. ಉಳಿಸಿಲ್ಲವೆಂದರೆ ಪ್ರತಿ ಸಾಲನ್ನೂ ಓದಿ, ತಪ್ಪಿದ್ದನ್ನು ಕೈಬರಹದಲ್ಲಿ ತಿದ್ದಿ, ಆಮೇಲಷ್ಟೇ ಸಹಿ ಹಾಕಿ.